ಎಡೆಗೊಂದು ಮುಖ

…ಅಥವಾ ಅವಳು ತಿರುಗಿದ್ದು ಎಡಕ್ಕೇ ಇರಬಹುದು. ನನ್ನ ಹತ್ತಿರ ಉಳಿದಿರುವ ಮೂರು ಪ್ರಿಂಟುಗಳಲ್ಲಿ ಎರಡರಲ್ಲಿ ತಂಗಿಯ ಮುಖ ಎಡಕ್ಕಿದೆ, ಒಂದರಲ್ಲಿ ಬಲಕ್ಕಿದೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕುವುದು ಒಂದು ಗುಂಡಿಯ ಕೆಲಸ. ಆಗ ಎಷ್ಟು ಸಲ ಮಗುಚಿದೆನೋ ನೆನಪಿಲ್ಲ. ಪಕ್ಕದಲ್ಲಿ ನಿಂತ ಹೆಂಗಸರ ಸೆರಗು ಯಾವ ಹೆಗಲ ಮೇಲಿದೆ ಎಂದು ನೋಡಿದರೆ ಯಾವುದು ಸರಿ ಎಂದು ತಿಳಿಯುತ್ತದೆ. ನೋಡಿದ್ದೇನೆ. ಬಲಕ್ಕೆ ತಿರುಗಿದ್ದಾಳೆ. ಆದರೂ ಕಣ್ಣು ಮುಚ್ಚಿದರೆ ಎಡಕ್ಕೇ ತಿರುಗುತ್ತಾಳೆ, ಏಕೆಂದರೆ ಎಡಕ್ಕೆ ನಾನು ನಿಂತಿದ್ದೆ.

ಮೊದಲಿನಿಂದ ಹೇಳಬೇಕು. ಮೊದಲು ಯಾವುದು ಎಂಬುದರಲ್ಲೇ ನನಗೆ ಅನುಮಾನ. ಫೋಟೋ ತೆಗೆದದ್ದು ಕೆ.ಆರ್. ಪೇಟೆಯಲ್ಲಿ, ಚಿಕ್ಕಮ್ಮನ ಮದುವೆಯಲ್ಲಿ. ನಾನು ಹತ್ತನೆಯ ತರಗತಿ ಮುಗಿಸಿದ್ದೆ. ತಂಗಿಗೆ ಹದಿಮೂರೋ ಹದಿನಾಲ್ಕೋ. ಗಂಡಿನ ಮನೆಯ ಮುಂದಿನ ಚಪ್ಪರದಲ್ಲಿ ಹೆಣ್ಣಿನ ಕಡೆಯವರನ್ನೆಲ್ಲ ಎರಡು ಸಾಲಾಗಿ ನಿಲ್ಲಿಸಿದ್ದರು. ಅವಳು ನನ್ನ ಹಸಿರು ಗಾಜಿನ ಬಳೆಗಳನ್ನು ಕೇಳದೆ ತೊಟ್ಟುಕೊಂಡಿದ್ದಳು. "ಬಿಚ್ಚೇ ಅದ, ನಿನ್ ಕೈಗೆ ಒಪ್ಪಾಕಿಲ್ಲ" ಎಂದು ನಾನು ಅವಳ ಕಿವಿಯ ಹತ್ತಿರ ಹೇಳಿದೆ. ಫೋಟೋದವನು ಗುಂಡಿ ಒತ್ತಿದ. ಅವಳು ಮುಖ ತಿರುಗಿಸಿದಳು. ಈ ಮೂರೂ ನಡೆದವು. ಯಾವುದರ ಹಿಂದೆ ಯಾವುದು ನಡೆಯಿತು ಎನ್ನುವುದು ನನಗೆ ಇವತ್ತಿಗೂ ಬಿಡಿಸಲಾಗದ ಗಂಟು.

ಎರಡು ವರ್ಷದ ಮೇಲೆ ಅವಳು ನಾಲ್ಕು ದಿನದ ಜ್ವರದಲ್ಲಿ ಹೋದಳು. ಮಿದುಳು ಜ್ವರ ಎಂದರು. ಮೂರನೆಯ ದಿನ ಅವಳಿಗೆ ನಮ್ಮ ಗುರುತು ಸಿಗುತ್ತಿರಲಿಲ್ಲ. ಆ ದಿನಗಳ ಬಗ್ಗೆ ನಾನು ಬರೆಯುವುದಿಲ್ಲ. ಬರೆಯಲು ಕುಳಿತಾಗಲೆಲ್ಲ ಅವಳು ಯಾವುದೋ ಕಥೆಯಲ್ಲಿ ಸಾಯುವ ಹುಡುಗಿಯ ಹಾಗೆ ಸಾಧುವಾಗಿಬಿಡುತ್ತಾಳೆ. ಅವಳು ಹಾಗಿರಲಿಲ್ಲ. ಹಸು ಒದ್ದರೆ ಹಸುವಿಗೇ ತಿರುಗಿ ಒದೆಯುತ್ತಿದ್ದವಳು.

ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ಆಗ ಅಜ್ಜಿ ಇದ್ದಳು, ಅಪ್ಪನ ತಾಯಿ. ಮದುವೆಯಾಗದೆ ಸತ್ತವಳ ಸಾಮಾನು ಮನೆಯಲ್ಲಿ ಇಟ್ಟುಕೊಂಡರೆ ಅವಳು ಹೊಸಿಲು ದಾಟಿ ಹೋಗುವುದಿಲ್ಲ ಎಂದು ಅಜ್ಜಿ ಹಟ ಹಿಡಿದು, ಲಂಗ, ದಾವಣಿ, ಬಾಚಣಿಗೆ, ಏಳನೆಯ ಕ್ಲಾಸಿಗೇ ನಿಂತುಹೋದ ಪುಸ್ತಕಗಳು, ಎಲ್ಲವನ್ನೂ ಗಂಟು ಕಟ್ಟಿಸಿ ಹೊಳೆಗೆ ಬಿಡಿಸಿದಳು. ಶ್ರೀರಂಗಪಟ್ಟಣದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದ, ಅವಳೊಬ್ಬಳೇ ಇದ್ದ ಫೋಟೋ ಕೂಡ ಆ ಗಂಟಿನಲ್ಲೇ ಹೋಯಿತು. ಪುಸ್ತಕದ ನಡುವೆ ಇತ್ತು. ಅದು ಅಲ್ಲಿದ್ದದ್ದು ಅಜ್ಜಿಗೆ ಗೊತ್ತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು, ಗೊತ್ತಿತ್ತು ಎಂದು ಅಪ್ಪ. ಮನೆಯಲ್ಲಿ ಉಳಿದದ್ದು ಒಂದು ಕೆಂಪು ರಿಬ್ಬನ್ನು. ಅದನ್ನು ಅವಳು ಕರುವಿನ ಕೊರಳಿಗೆ ಕಟ್ಟಿದ್ದಳು. ಕರುವಿನದು ಎಂದು ಯಾರೂ ಬಿಚ್ಚಲಿಲ್ಲ.

ನಾನು ಟೈಪಿಂಗ್ ಕಲಿತಿದ್ದೆ. ಆ ಬಲದ ಮೇಲೆ ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಂಗಡಿಯ ಯಜಮಾನರು ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದವರು. ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಮೊಡವೆ ಅಳಿಸಿ, ಬ್ಲೇಡಿನಲ್ಲಿ ಹುಬ್ಬು ತಿದ್ದಿ ಕೈ ಪಳಗಿಸಿಕೊಂಡವರು. ಕಂಪ್ಯೂಟರ್ ತಂದರು, ಸ್ಕ್ಯಾನರ್ ತಂದರು, ಆದರೆ ಮೌಸು ಮಾತ್ರ ಅವರ ಕೈಗೆ ಒಗ್ಗಲಿಲ್ಲ. ಅದಕ್ಕೆ ನನ್ನನ್ನು ಕೂರಿಸಿದರು. ಮದುವೆ ಕಾರ್ಡಿನ ಕೆಲಸ ಬೇಸಿಗೆಯಲ್ಲಿ. ತಿಥಿ ಕಾರ್ಡಿನದು ವರ್ಷವಿಡೀ. ಸತ್ತ ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರನ್ನು ಕರೆಯುವ ಆ ಕಾಗದದ ತಲೆಯಲ್ಲಿ ಸತ್ತವರ ಫೋಟೋ ಇರಬೇಕು. ಬಹಳ ಜನರ ಹತ್ತಿರ ಎಲೆಕ್ಷನ್ ಕಾರ್ಡಿನದು ಬಿಟ್ಟರೆ ಬೇರೆ ಫೋಟೋವೇ ಇರುತ್ತಿರಲಿಲ್ಲ.

"ಈ ಮೊಕ ನೋಡವ್ವ" ಎಂದು ಯಜಮಾನರು ಕಾರ್ಡನ್ನು ಬೆಳಕಿಗೆ ಹಿಡಿಯುತ್ತಿದ್ದರು. "ಇದ್ನ ಇಟ್ಕಂಡು ಸ್ವರ್ಗದ ಬಾಗ್ಲು ತಟ್ಟುದ್ರೆ ಒಳೀಕೆ ಬುಟ್ಟಾರಾ? ಒಂದು ಕೋಟ್ ತೊಡ್ಸು."

ಕೋಟು ನಮ್ಮಲ್ಲಿ ಇದ್ದದ್ದು ಒಂದೇ, ಯಾವುದೋ ಮದುವೆ ಫೋಟೋದಿಂದ ಕತ್ತರಿಸಿಟ್ಟುಕೊಂಡದ್ದು. ಪಾಂಡವಪುರ, ನಾಗಮಂಗಲದ ಕಡೆಯ ಎಷ್ಟೋ ಜನ ಬದುಕಿದ್ದಾಗ ಅಂಗಿಗೆ ಗುಂಡಿ ಹಾಕದವರು, ಸತ್ತ ಮೇಲೆ ಆ ಒಂದೇ ಕೋಟು ತೊಟ್ಟು ನೆಂಟರನ್ನು ಊಟಕ್ಕೆ ಕರೆದರು. ಪೇಟವೂ ಒಂದೇ. ಕಣ್ಣುಗಳು ಮಾತ್ರ ಬೇಕಾದಷ್ಟಿದ್ದವು. ಮಾಸಿದ ಫೋಟೋದಲ್ಲಿ ಮೊದಲು ಹೋಗುವುದು ಕಣ್ಣು. ಅದಕ್ಕೆಂದೇ ಯಜಮಾನರು ಹಳೆಯ ಸ್ಟುಡಿಯೋ ಫೋಟೋಗಳಿಂದ ನನ್ನ ಕೈಲಿ ಕಣ್ಣುಗಳನ್ನಷ್ಟೇ ಕತ್ತರಿಸಿಡಿಸಿದ್ದರು: ಮುದುಕರವು, ಹೆಂಗಸರವು, ಕನ್ನಡಕ ಹಾಕುವವರವು. ತೀರಿಕೊಂಡವರಿಗೆ ಹೊಂದುವ ಜೋಡಿ ಹುಡುಕಿ ಕೂರಿಸುವುದು ಕೆಲಸ. ಮನೆಯವರು ನೋಡಿ "ಥೇಟ್ ಅಂಗೇ ಅವ್ರೆ" ಎಂದು ಅಳುತ್ತಿದ್ದರು. ಒಬ್ಬರೂ ಕಣ್ಣು ಬೇರೆಯವರದು ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಒಮ್ಮೆ ನಾಗಮಂಗಲದ ಕಡೆಯಿಂದ ಒಬ್ಬ ಮಗ ತನ್ನ ತಾಯಿಯನ್ನು ಕರೆದುಕೊಂಡು ಬಂದ. ತಂದೆಯ ಫೋಟೋದಲ್ಲಿ ಬಾಯಲ್ಲಿ ಬೀಡಿ ಇತ್ತು.

"ಬೀಡಿ ತಗ್ದ್‌ಬುಡಿ ಮೇಡಂ" ಎಂದ ಮಗ.

"ಇರ್ಲಿ ಬುಡ್ಲಾ" ಎಂದಳು ಆಕೆ. "ಬೀಡಿ ತಗುದ್ರೆ ನಿಮ್ಮಪ್ಪನ್ ಮೊಕದಲ್ಲಿ ಇನ್ನೇನ್ ಉಳ್ಕಂಡದೆ?"

"ಬಂದೋರು ನಗಾಕಿಲ್ವೇನವ್ವ?"

"ನಗ್ಲಿ. ಬದುಕಿದ್ದಾಗ ನಕ್ತಿರ್ನಿಲ್ವಾ?"

ಕೊನೆಗೆ ಬೀಡಿ ತೆಗೆದೆ. ಹಣ ಕೊಡುವವನು ಮಗ. ಆಕೆ ಪರದೆಯನ್ನು ನೋಡಿದಳು, ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಆಗ ಆಕೆಯ ಮಾತು ನನಗೆ ತಮಾಷೆಯಾಗಿ ಕಂಡಿತ್ತು.

ಅಜ್ಜಿ ತೀರಿಕೊಂಡ ವರ್ಷ ಅವಳ ಎಲೆಕ್ಷನ್ ಕಾರ್ಡಿನ ಫೋಟೋವನ್ನು ನಾನೇ ತಿದ್ದಿ ದೊಡ್ಡದು ಮಾಡಿ ಕಟ್ಟು ಹಾಕಿಸಿ ತಂದೆ. ಅದನ್ನು ಗೋಡೆಗೆ ಹಾಕಿದ ದಿನ ಅವ್ವ ಬಹಳ ಹೊತ್ತು ಅದರ ಮುಂದೆ ನಿಂತಿದ್ದಳು. ಅತ್ತೆಗಾಗಿ ನಿಂತಳು ಎಂದುಕೊಂಡೆ.

"ನೀನು ಸತ್ತೋರ್ಗೆಲ್ಲ ಕೋಟ್ ತೊಡುಸ್ತೀಯಂತೆ" ಎಂದಳು. "ನಿನ್ ತಂಗಿಗೊಂದು ಮೊಕ ಮಾಡ್ಕೊಡಾಕ್ ಆಯ್ತದಾ?"

ನಾನು ಮೊಳೆಯ ಮೇಲೆ ಅಜ್ಜಿಯ ಫೋಟೋವನ್ನು ನೇರ ಮಾಡಿದೆ.

"ಪಕ್ಷ ಬತ್ತಾ ಅದೆ. ಎಲ್ರ ಮನೇಲೂ ಎಡೆ ಮುಂದೆ ಫೋಟೋ ಮಡುಗ್ತಾರೆ. ನಾನು ಅವ್ಳ ಎಲೆ ಮುಂದೆ ಬರೀ ಗ್ವಾಡೆ ನೋಡ್ಕಂಡು ಕುಂತ್ಕತೀನಿ. ಈಗ ನಿಮ್ಮಜ್ಜಿನೂ ಇಲ್ಲ, ಬ್ಯಾಡ ಅನ್ನಾಕೆ."

ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತಾರೆ. ಅವರವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ, ಬಂದವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಹಿರಿಯರ ಸಾಲಿನಿಂದ ತುಸು ದೂರದಲ್ಲಿ ತಂಗಿಗೆ ಒಂದು ಚಿಕ್ಕ ಎಲೆ. ಅವ್ವನ ಬೇಡಿಕೆ ಅಷ್ಟೇ: ಆ ಎಲೆಯ ಮುಂದೆ ಒಂದು ಮುಖ. ಅದನ್ನು ಮಾಡಿಕೊಡಲು ಊರಿನಲ್ಲಿ ಯಾರಿಗಾದರೂ ಬರುವುದಾದರೆ ಅದು ನನಗೆ. ಅವಳದೆಂದು ಉಳಿದಿದ್ದ ಒಂದೇ ಒಂದು ಫೋಟೋ ಕೆಟ್ಟದ್ದೂ ನನ್ನಿಂದಲೇ ಇರಬಹುದು ಎಂಬುದನ್ನು ಅವ್ವನಿಗೆ ಹೇಳಿರಲಿಲ್ಲ.

ಕೆ.ಆರ್. ಪೇಟೆಗೆ ಹೋದೆ. ಚಿಕ್ಕಮ್ಮನ ಮನೆಯ ನಡುಮನೆಯಲ್ಲಿ ಆ ಗುಂಪಿನ ಫೋಟೋ ನೇತಾಡುತ್ತಿತ್ತು. ಚಿಕ್ಕಮ್ಮ ಸ್ಟೂಲು ಹತ್ತಿ ಅದನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಗಾಜಿನ ಮೇಲೆ ಬೆರಳಿಟ್ಟಳು. "ನೋಡು, ಇಲ್ಲವ್ಳೆ."

ಬೆರಳಿನ ಕೆಳಗೆ ಇದ್ದದ್ದು ಒಂದು ಮಸುಕು. ಕೆಳಗೆ ದಾವಣಿ ಸ್ಪಷ್ಟ, ಎದೆಯ ಮೇಲೆ ಕಟ್ಟಿದ ಕೈ ಸ್ಪಷ್ಟ, ಬಳೆಗಳನ್ನು ಎಣಿಸಬಹುದು. ಕತ್ತಿನಿಂದ ಮೇಲೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಅವಳ ಎಡಗಡೆ ನಾನು, ಕ್ಯಾಮೆರಾವನ್ನೇ ದಿಟ್ಟಿಸುತ್ತ, ಬಾಯಿ ಬಿಗಿದುಕೊಂಡು. ಈಗ ತಾನೇ ಏನೋ ಹೇಳಿ ಮುಚ್ಚಿದ ಬಾಯೋ, ಹೇಳಬೇಕೆಂದು ಕಾಯುತ್ತಿರುವ ಬಾಯೋ, ನನ್ನ ಬಾಯಿ ನನಗೇ ತಿಳಿಯಲಿಲ್ಲ.

"ಇವ್ಳು ಯಾಕೆ ಇಂಗೆ ತಿರುಕ್ಕಂಡ್ಲು ಚಿಕ್ಕವ್ವ?" ಎಂದು ಕೇಳಿದೆ.

"ನನ್ನ ಕೇಳ್ತೀಯಲ್ಲೇ! ನಾನು ಹೆಣ್ಣು, ತಲೆ ಎತ್ತಂಗಿದ್ನಾ? ಅವತ್ತೆಲ್ಲ ನಾನು ನೋಡಿದ್ದು ನಿಮ್ಮ ಚಿಕ್ಕಪ್ಪನ ಕಾಲ್ಬೆಳ್ಳು ಒಂದೇಯ." ನಕ್ಕಳು. ಆಮೇಲೆ ಏನೋ ನೆನಪಾಗಿ, "ಒಲೆ ತಾವಿಂದ ಯಾರೋ ಕೂಗಿದ್ರು ಅನ್ಸ್ತದೆ, ನೀರು ತರಾಕೆ. ಕೂಗಿದ್ರಾ? ಫೋಟೋ ಆದ್ಮ್ಯಾಕೆ ನೀನು ಕಣಜದ ಹಿಂದೆ ಕುಂತು ಅಳ್ತಿದ್ದೆ. ಅದು ಮಾತ್ರ ಗ್ಯಾಪ್ನ ಅದೆ."

"ನಾನಾ? ಯಾಕೆ?"

"ಯಾರಿಗ್ಗೊತ್ತವ್ವ. ಒಬ್ಬಟ್ಟು ಸಿಕ್ನಿಲ್ಲ ಅಂತಿರ್ಬೇಕು."

ನಾನು ಅತ್ತದ್ದು ನನಗೆ ನೆನಪಿಲ್ಲ. ಆ ಮನೆಯಲ್ಲಿ ಕಣಜವಿದ್ದದ್ದೂ ನೆನಪಿಲ್ಲ. ಬಸ್ಸಿನಲ್ಲಿ ಫೋಟೋವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುವಾಗ, ತಲೆಯೊಳಗೆ ಒಂದು ಕಣಜ ಕಟ್ಟಿ ಅದರ ಹಿಂದೆ ನನ್ನನ್ನು ಕೂರಿಸಿ ನೋಡಿದೆ. ಪಾಂಡವಪುರ ಬರುವ ಹೊತ್ತಿಗೆ ಅದು ನಿಜವಾಗಿ ನೆನಪಾದಂತೆಯೇ ಆಗಿತ್ತು. ಅಂದಿನಿಂದ ನನ್ನ ನೆನಪಿನ ಮೇಲೆ ನನಗೆ ಭರವಸೆ ಹೋಯಿತು.

ಗಿರಾಕಿಗಳು ಕಡಿಮೆಯಾದ ಮಧ್ಯಾಹ್ನಗಳಲ್ಲಿ, ಕರೆಂಟು ಇದ್ದಾಗ, ತಂಗಿಯ ಮುಖದ ಮೇಲೆ ಕೂರುತ್ತಿದ್ದೆ. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರೆ ಮುಖ ಮುಖವಾಗಿ ಉಳಿಯುವುದಿಲ್ಲ, ಚೌಕಗಳಾಗುತ್ತದೆ. ಕಂದು ಚೌಕ, ಅದರ ಪಕ್ಕ ತುಸು ತಿಳಿಯಾದ ಕಂದು ಚೌಕ. ಯಾವ ಚೌಕದಲ್ಲಿ ಅವಳ ಮೂಗು ಮುಗಿಯುತ್ತದೆ, ಯಾವುದರಲ್ಲಿ ಹಿಂದೆ ನಿಂತವರ ಸೀರೆ ಶುರುವಾಗುತ್ತದೆ? ಒಂದೊಂದೇ ಚೌಕವನ್ನು ಮುಟ್ಟಿ ಇದು ಅವಳದು, ಇದು ಅಲ್ಲ ಎಂದು ಬೇರೆ ಮಾಡುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಯಜಮಾನರು ಹಿಂದೆ ಬಂದು ನಿಂತರು. "ಫ್ಲಾಶ್ ಬಿದ್ದಿಲ್ಲ ಕಣವ್ವ ಇದ್ಕೆ. ಚಪ್ಪರದ ನೆಳ್ಳು ಬೇರೆ. ಕ್ಯಾಮೆರಾ ಕಣ್ಣು ಬುಟ್ಕಂಡೇ ಇತ್ತು, ಮಗೀನ ತಲೆ ಅಷ್ಟ್ರಲ್ಲಿ ಓಡಾಡ್‌ಬುಡ್ತು. ಇದ್ರಲ್ಲಿ ಒಂದು ಮೊಕ ಇಲ್ಲ. ಎಷ್ಟವೋ ಅವೆ, ಒಂದ್ರ ಮ್ಯಾಲೊಂದು."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಅವ್ವನಿಗೆ ಬೇಕಾದದ್ದು ಒಂದು ಮುಖ. ನಾನು ಮಾಡತೊಡಗಿದ್ದು ಬೇರೆ ಏನನ್ನೋ. ಕರು ಬೆಳೆದ ಮೇಲೆ ಅದರ ಕೊರಳಿನಿಂದ ಬಿಚ್ಚಿಟ್ಟಿದ್ದ ಆ ಕೆಂಪು ರಿಬ್ಬನ್ನನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟೆ. ಬೆಳಕಿನ ಪಟ್ಟಿ ಅದರ ಕೆಳಗೆ ಹಾದುಹೋಯಿತು. ಪರದೆಯ ಮೇಲೆ ಅದು ಬಂದಾಗ ನೂಲಿನ ನಡುವೆ ಸಿಕ್ಕಿದ್ದ ಕರುವಿನ ಕೂದಲು ಕೂಡ ಕಂಡಿತು. ಆ ರಿಬ್ಬನ್ನನ್ನು ಅವಳ ಮಸುಕಾದ ಮುಖದ ಮೇಲೆ ತೆಳುವಾಗಿ ಹಾಸಿದೆ. ಇನ್ನೊಂದು ದಿನ ರಾಗಿ ಹಿಟ್ಟು ಉದುರಿಸಿದ ಕಾಗದ. ಇನ್ನೊಂದು ದಿನ ನನ್ನದೇ ಅಂಗೈ, ಗಾಜಿಗೆ ಒತ್ತಿ. ಕರಿಘಟ್ಟದ ಮೆಟ್ಟಿಲಿನ ಮೇಲಿಂದ ಕಾಣುವ ಹೊಳೆಯ ಒಂದು ಹಳೆಯ ಫೋಟೋ ಅಂಗಡಿಯಲ್ಲಿತ್ತು. ಆ ನೀರನ್ನು ಅವಳ ಕೂದಲಿನ ಜಾಗಕ್ಕೆ ಹರಿಸಿದೆ. ಗಂಟು ಬಿಟ್ಟ ಹೊಳೆ ಅದೇ ಎಂದು ಮಾಡುವಾಗ ಹೊಳೆದಿರಲಿಲ್ಲ. ಹೊಳೆದಾಗ ಅಳಿಸಲಿಲ್ಲ. ಒಂದರಲ್ಲಿ ಅವಳನ್ನು ಗುಂಪಿನಿಂದ ಪೂರ್ತಿ ತೆಗೆದು, ಅವಳ ಜಾಗವನ್ನು ಚಪ್ಪರದ ಸೋಗೆಯಿಂದ ತುಂಬಿದೆ. ಗುಂಪು ಅವಳಿಲ್ಲದೆಯೂ ಚೆನ್ನಾಗಿಯೇ ನಿಂತಿತ್ತು. ಅದನ್ನು ನೋಡಲಾಗದೆ ಆಫ್ ಮಾಡಿ ಎದ್ದುಬಿಟ್ಟೆ.

ಇದನ್ನು ಹೇಗೆ ಹೇಳುವುದೋ ತಿಳಿಯದು, ಆದರೆ ಆ ವಾರಗಳಲ್ಲಿ ನಾನು ಚೆನ್ನಾಗಿದ್ದೆ. ಅವಳು ಹೋದ ಮೇಲೆ ದುಃಖ ಎನ್ನುವುದು ಮನೆಯಲ್ಲಿ ಕೆಲಸವಿಲ್ಲದೆ ಕುಳಿತ ನೆಂಟನ ಹಾಗೆ ಇತ್ತು. ಈಗ ಅದಕ್ಕೊಂದು ಕೈಕೆಲಸ ಸಿಕ್ಕಿತ್ತು. ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತು. ಅವ್ವ "ನಿನ್ ಮೊಕ ವಸಿ ಗೆಲುವಾಗದೆ" ಎಂದಳು.

"ಇದೆಲ್ಲ ಚೆಂದಾಗದೆ" ಎಂದರು ಯಜಮಾನರು ಒಂದು ದಿನ, ರಿಬ್ಬನ್ನಿನ ಮುಖವನ್ನು ನೋಡುತ್ತ. "ಆದ್ರೆ ನಿಮ್ಮವ್ವನ ಕೈಗೆ ಇದ ಕೊಟ್ಟೀಯಾ? ಹಬ್ಬ ಒಂದ್ವಾರ ಅದೆ. ಕಣ್ಣು ಕೂರ್ಸು ಮೊದ್ಲು. ಕಣ್ಣು ಕುಂತ್ರೆ ಮಿಕ್ಕಿದ್ದೆಲ್ಲ ತಾನೇ ಕೂತ್ಕತದೆ."

ಅಂಗಡಿಯ ಕಣ್ಣುಗಳನ್ನೆಲ್ಲ ತೆಗೆದು ನೋಡಿದೆ. ಯಾರದೋ ಕಣ್ಣನ್ನು ಅವಳಿಗೆ ಕೂರಿಸಲು ಮನಸ್ಸು ಬರಲಿಲ್ಲ. ಕೊನೆಗೆ ನನ್ನ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಸ್ಕ್ಯಾನ್ ಮಾಡಿ, ಕಣ್ಣುಗಳನ್ನು ಕತ್ತರಿಸಿ, ತುಸು ಚಿಕ್ಕದು ಮಾಡಿ ಕೂರಿಸಿದೆ. ಮೂಗು, ಬಾಯಿಯನ್ನು ಅವ್ವನ ಹಳೆಯ ಫೋಟೋ ನೋಡಿ ತಿದ್ದಿದೆ. ಅಕ್ಕತಂಗಿಯರು, ಒಂದೇ ರಕ್ತ, ಇದರಲ್ಲಿ ಮೋಸವೇನು ಎಂದುಕೊಂಡೆ. ಮುಖ ಬಂತು. ಹದಿನಾಲ್ಕು ವರ್ಷದ ಒಂದು ಹುಡುಗಿ ಪರದೆಯಿಂದ ನನ್ನನ್ನು ನೋಡಿದಳು. ಅವಳು ನನ್ನ ತಂಗಿಯೇ ಎಂದು ನಾನು ನಂಬಿದೆ ಎಂದೇ ಈಗಲೂ ಅನ್ನಿಸುತ್ತದೆ. ಅಷ್ಟು ಹೊತ್ತಿಗೆ ಅವಳು ಹೇಗಿದ್ದಳು ಎನ್ನುವುದು ನನಗೆ ಮರೆತುಹೋಗಿತ್ತು ಎನ್ನುವುದು ಇನ್ನೂ ಸರಿಯಾದ ಮಾತಿರಬಹುದು.

ಪಕ್ಷದ ದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ, ಕಟ್ಟು ಹಾಕಿಸಿದ್ದ ಫೋಟೋ ತಂದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟು ಮೆತ್ತಿದ ಕೈಯನ್ನು ಹಿಂದಕ್ಕೆ ಹಿಡಿದುಕೊಂಡು ಬಗ್ಗಿ ನೋಡಿದಳು. "ಬಂದ್ಯಾ ಮಗ" ಎಂದಳು. ನನ್ನನ್ನು ಕೇಳಿದಳು ಎಂದುಕೊಂಡು "ಬಂದೆ ಕಣವ್ವ" ಎಂದೆ. ಅವಳು ಕೇಳಿದ್ದು ಫೋಟೋವನ್ನು.

ಅಜ್ಜಿ ಮತ್ತಿತರ ಹಿರಿಯರ ಎಲೆಗಳಿಂದ ದೂರದಲ್ಲಿ ಆ ಚಿಕ್ಕ ಎಲೆ. ಕಜ್ಜಾಯ, ಕೋಳಿ ಸಾರು, ಮುದ್ದೆ, ಅವಳು ಕದ್ದು ತಿನ್ನುತ್ತಿದ್ದ ಹುರಿಗಡಲೆ. ಅವ್ವ ಫೋಟೋಕ್ಕೆ ಅರಿಸಿನ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿದಳು. ದೀಪ ಹಚ್ಚಿದಳು. ಬಾಗಿಲು ಮುಂದೆ ಮಾಡಿ ಜಗುಲಿಯ ಮೇಲೆ ಕುಳಿತೆವು. ಅಪ್ಪ ಬೆಳಗೊಳದ ಕಡೆಯ ಕಾರ್ಖಾನೆಗೆ ರಜೆ ಹಾಕಿದ್ದ. ಒಳಗೆ ಏನೋ ಪಾತ್ರೆ ಸದ್ದಾಯಿತು. ಅವ್ವ ನನ್ನ ಕೈ ಹಿಡಿದುಕೊಂಡಳು.

ಬಾಗಿಲು ತೆರೆದು ಒಳಗೆ ಹೋದಾಗ ದೀಪದ ಬೆಳಕು ಕೆಳಗಿನಿಂದ ಫೋಟೋದ ಮೇಲೆ ಬೀಳುತ್ತಿತ್ತು. ಅವ್ವ ಕೈ ಮುಗಿಯಲು ಬಗ್ಗಿದವಳು ಅಲ್ಲೇ ನಿಂತಳು. ಫೋಟೋವನ್ನು ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಮತ್ತೆ ಫೋಟೋವನ್ನು.

"ಇವು ನಿನ್ ಕಣ್ಣು" ಎಂದಳು.

ನಾನು ದೀಪವನ್ನು ತುಸು ಪಕ್ಕಕ್ಕೆ ಸರಿಸಿದೆ.

"ನಿನ್ ಕಣ್ಣು ಕಣೇ ಇವು! ಅವ್ಳ ಕಣ್ಣು ತುದೀಲಿ ವಸಿ ಮ್ಯಾಕೆ ಇದ್ವು. ಇವು ನಿನ್ನವು."

"ಏನಾಯ್ತು?" ಎಂದು ಅಪ್ಪ ಹಿಂದಿನಿಂದ ಬಂದ.

"ಬದುಕಿರೋ ಮಗೀಗೆ ಊವಿನ ಹಾರ ಹಾಕ್‌ಬುಟ್ನಲ್ಲಾ! ಎಡೆ ಮಡುಗ್‌ಬುಟ್ನಲ್ಲಾ!"

ಬದುಕಿರುವವರ ಫೋಟೋಕ್ಕೆ ನಮ್ಮಲ್ಲಿ ಯಾರೂ ಕುಂಕುಮ ಇಡುವುದಿಲ್ಲ, ಹಾರ ಹಾಕುವುದಿಲ್ಲ. ಇಷ್ಟು ದಿನ ಸತ್ತವರಿಗೆ ಕಣ್ಣು ಕೂರಿಸುವ ಕೆಲಸ ಮಾಡಿದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಕಣ್ಣಿಗೆ ಆ ಕಟ್ಟಳೆ ಸೇರುತ್ತದೆ ಎಂದು ಮಾತ್ರ ಹೊಳೆಯಲಿಲ್ಲ. ಅವ್ವ ಹಾರವನ್ನು ಕಿತ್ತು, ಸೆರಗಿನಿಂದ ಗಾಜಿನ ಮೇಲಿನ ಕುಂಕುಮ ಒರೆಸಿದಳು. ಅದು ಕಣ್ಣಿನ ಮೇಲೆಲ್ಲ ಕೆಂಪಾಗಿ ಹರಡಿತು. ಇನ್ನೂ ಜೋರಾಗಿ ಒರೆಸಿದಳು. ಆಮೇಲೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಅಷ್ಟು ಕೆಟ್ಟದ್ದು ತಗುಲಿತ್ತು ಎಂದು ಅವಳು ಮುಂದೆ ಎಲ್ಲರಿಗೂ ಹೇಳುತ್ತಿದ್ದಳು. ನಾನು ಕೆಮ್ಮಿದ್ದು ನನಗೆ ನೆನಪಿದೆ. ಆ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು.

ಸಂಜೆ ಅವ್ವ ಹಟ್ಟಿಯಲ್ಲಿ ಹಾಲು ಕರೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು: "ಅವ್ಳು ಬಂದು, ಅಕ್ಕನ್ ಕಣ್ಣು ನೋಡಿ, ಈ ಎಲೆ ನಂದಲ್ಲ ಅಂತ ಅಸ್ಕಂಡೇ ಒಂಟೋದ್ಲೇನೋ."

ಬಳೆ ಬಿಚ್ಚು ಎಂದಿದ್ದವಳು ನಾನು. ಈಗ ಅವಳನ್ನು ಕೇಳದೆ ನನ್ನ ಕಣ್ಣನ್ನು ಅವಳಿಗೆ ತೊಡಿಸಿದ್ದೆ. ಆವತ್ತು ಹಟ್ಟಿಯ ಬಾಗಿಲಲ್ಲಿ ನಿಂತು ಅವ್ವನಿಗೆ ಚಪ್ಪರದ ಕೆಳಗಿನ ಆ ಮಾತನ್ನು ಹೇಳಿದೆ. ನನ್ನಿಂದ ಅವಳು ಮುಖ ತಿರುಗಿಸಿದಳು, ಅದಕ್ಕೇ ಆ ಫೋಟೋ ಕೆಟ್ಟಿತು, ಇದ್ದ ಒಂದನ್ನೂ ನಾನೇ ಕೆಡಿಸಿದೆ ಎಂದೆ. ಅವ್ವ ಕರೆಯುವುದನ್ನು ನಿಲ್ಲಿಸಲಿಲ್ಲ.

"ಅವ್ಳೆಲ್ಲಿ ನಿಂತ್ಕಡೆ ನಿಂತಿದ್ಲು" ಎಂದಳು. "ನೀನು ಬೈಯ್ದ್ರೂ ತಿರುಗೋಳು, ಬೈಯ್ದೆ ಇದ್ರೂ ತಿರುಗೋಳು. ಆ ಕಣ್ಣ ತಗ್ದ್‌ಬುಟ್ಟು ಅದ್ನೇ ಕೊಡು. ಎಂಗದೆಯೋ ಅಂಗೇ ಕೊಡು."

ಅದು ಕ್ಷಮೆಯೋ, ಹಾಲು ಕರೆಯುವಾಗ ಬಂದ ಬರಿಯ ಮಾತೋ, ನಾನು ಕೇಳಲಿಲ್ಲ.

ಮರುದಿನ ಅಂಗಡಿಯಲ್ಲಿ ಕಣ್ಣು ತೆಗೆದೆ. ಆಮೇಲೆ ಮೂಗು, ಬಾಯಿ, ನಾನು ಸೇರಿಸಿದ ಒಂದೊಂದನ್ನೂ. ಯಜಮಾನರು ಬೇಡವೆನ್ನಲಿಲ್ಲ, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಕೊನೆಗೆ ಉಳಿದದ್ದು ಫೋಟೋದವನ ಕ್ಯಾಮೆರಾ ಕಂಡ ಅದೇ ಮಸುಕು. ಅದನ್ನಷ್ಟೇ ದೊಡ್ಡದು ಮಾಡಿ ಕಟ್ಟು ಹಾಕಿಸಿದೆ. ಒಂದು ಕೈ, ಹಸಿರು ಬಳೆ, ಮೇಲೆ ಗಾಳಿ ಬೀಸಿದ ಹಾಗೆ ಒಂದು ಕಂದು ಬಣ್ಣ. ಮುಂದಿನ ವರ್ಷದಿಂದ ಎಡೆಯ ಮುಂದೆ ಅದೇ. ಬಂದವರು "ಇದ್ಯಾರವ್ವ, ಮೊಕಾನೇ ಕಾಣಾಕಿಲ್ಲ" ಎಂದರೆ ಅವ್ವ, "ನನ್ ಚಿಕ್ ಮಗ್ಳು. ಒಂದ್ ಗಳ್ಗೆ ಸುಮ್ನೆ ನಿಂತವಳಲ್ಲ" ಎನ್ನುತ್ತಿದ್ದಳು. ಅದನ್ನು ಹೇಳುವಾಗ ಕೆಲವು ಸಲ ಅವಳ ದನಿಯಲ್ಲಿ ಸಿಟ್ಟು ಇರುತ್ತಿತ್ತು, ಮಗಳು ಇನ್ನೂ ಹೊರಗೆಲ್ಲೋ ತಿರುಗುತ್ತಿದ್ದಾಳೆ ಎನ್ನುವ ಹಾಗೆ.

ರಿಬ್ಬನ್ನಿನ ಮುಖ, ಹೊಳೆಯ ಕೂದಲು, ಅಂಗೈ, ಎಲ್ಲ ಒಂದಷ್ಟು ಫ್ಲಾಪಿಗಳಲ್ಲಿದ್ದವು. ಅವುಗಳನ್ನು ಓದುವ ಯಂತ್ರ ಈಗ ನನಗೆ ಸಿಗುವುದಿಲ್ಲ. ಸಿಕ್ಕರೂ ಒಳಗೆ ಏನಾದರೂ ಉಳಿದಿದೆಯೋ ಇಲ್ಲವೋ. ಮೂರು ಪ್ರಿಂಟುಗಳಿವೆ ಎಂದೆನಲ್ಲ, ಅವನ್ನು ಆಗಾಗ ತೆಗೆದು ನೋಡುತ್ತೇನೆ. ಮಸುಕಿನೊಳಗೆ ಬಾಯಿಯಿರಬೇಕಾದ ಕಡೆ ಒಂದು ಕಪ್ಪು ಗೆರೆ ಇದೆ. ಬಾಯಿ ತೆರೆದಿದ್ದಾಳೆ. ಏನೋ ಹೇಳುತ್ತಿದ್ದಾಳೆ. ಒಲೆಯ ಹತ್ತಿರದಿಂದ ಕೂಗಿದವರಿಗೆ "ಬಂದೆ" ಎನ್ನುತ್ತಿದ್ದಳೋ, ನನಗೆ ಏನಾದರೂ ಹೇಳುತ್ತಿದ್ದಳೋ. ಆ ಬಳೆಗಳನ್ನು ಅವಳು ಆವತ್ತು ಬಿಚ್ಚಿಕೊಟ್ಟಳೋ ಇಲ್ಲವೋ, ಅದೂ ನನಗೆ ನೆನಪಿಲ್ಲ. ನನ್ನ ಮಾತು ಮೊದಲೋ, ಅವಳು ತಿರುಗಿದ್ದು ಮೊದಲೋ, ನನಗೆ ಗೊತ್ತಿಲ್ಲ.